ಚೌಟರ ಅರಮನೆ

ವಿಜಯನಗರದ ಛತ್ರದಡಿ ತುಳುನಾಡು ಹಲವು ಅರಸುಮನೆಗಳ ನಾಡಾಗಿತ್ತು. ಬಂಗಾಡಿಯಲ್ಲಿ ಬಂಗರು, ವೇಣೂರಿನಲ್ಲಿ ಅಜಿಲರು, ಕಾರ್ಕಳದಲ್ಲಿ ಭೈರರಸರು. ಉಳ್ಳಾಲ, ಪುತ್ತಿಗೆ, ಮೂಡುಬಿದಿರೆಗಳಲ್ಲಿ ಚೌಟರು. ಚೌಟರು ಜೈನರು, ಅವರ ಕುಲದೇವರು ಸೋಮನಾಥ. ಈ ಸೀಮೆಯಲ್ಲಿ ಅದು ಯಾರಿಗೂ ಸೋಜಿಗವೆನಿಸಿರಲಿಲ್ಲ. ಪಟ್ಟವು ಅಳಿಯಸಂತಾನದ ಕಟ್ಟಿನಂತೆ ಸೋದರಳಿಯನಿಗೆ ಸಲ್ಲುತ್ತಿತ್ತು; ಹೆಣ್ಣು ಪಟ್ಟವೇರುವುದೂ ಉಂಟು. ಪೋರ್ಚುಗೀಸರಿಗೆ ಕಪ್ಪ ತೆರಲೊಲ್ಲದೆ ಸೆಣಸಿದ ಉಳ್ಳಾಲದ ಅಬ್ಬಕ್ಕ ಈ ವಂಶದವಳೇ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಉಳ್ಳಾಲದ ರಾಣಿಯನ್ನು ಕಂಡದ್ದು ದಾರಿಯಲ್ಲಿ. ಕಾಲುವೆ ತೋಡುವ ಕೆಲಸ ನೋಡಲೆಂದು ಆಕೆ ಬರಿಗಾಲಲ್ಲಿ ಹೊರಟಿದ್ದಳಂತೆ.

ಇಂಥ ಅರಸರು ಬಾಳಿದ ಮನೆ ಹೇಗಿದ್ದೀತೆಂದು ತಿಳಿಯಲು ಮೂಡುಬಿದಿರೆಗೆ ಬರಬೇಕು. ಹದಿನೇಳನೆಯ ಶತಮಾನದ್ದೆಂದು ಹೇಳುವ ಈ ಅರಮನೆಗೆ ಮೈಸೂರಿನ ಗೋಪುರಗಳ ಗತ್ತಿಲ್ಲ. ಮಳೆನಾಡಿಗೆ ತಕ್ಕ ಇಳಿಜಾರು ಮಾಡು, ಅದರಡಿ ಚಾವಡಿ. ವೈಭವವೆಲ್ಲ ಚಾವಡಿಯ ಮರದ ಕಂಬಗಳಿಗೆ ಸಂದಿದೆ. ಒಂದು ಕಂಬದಲ್ಲಿ ಒಂಬತ್ತು ಹೆಂಗಸರು ಒಬ್ಬರಿಗೊಬ್ಬರು ಹೆಣೆದುಕೊಂಡು ಆನೆಯಾಗಿದ್ದಾರೆ: ನವನಾರೀಕುಂಜರ. ಇನ್ನೊಂದೆಡೆ ಐವರು ಸೇರಿ ಕುದುರೆ: ಪಂಚನಾರೀತುರಗ. ದೂರದಿಂದ ಸೊಂಡಿಲು ಕಾಣುತ್ತದೆ. ಹತ್ತಿರ ಹೋದರೆ ಅದೇ ಒಬ್ಬಳ ಮೈಬಾಗು. ಹೆಣ್ಣಿನ ಕಡೆಯಿಂದ ಕುಲವೆಣಿಸುವವರ ಮನೆಗೆ ಹೆಣ್ಣುಗಳನ್ನೇ ಕೂಡಿಸಿ ಪಟ್ಟದಾನೆ ಕಡೆದ ಆಚಾರಿಯ ಮನಸ್ಸಿನಲ್ಲಿ ಏನಿತ್ತೋ! ಈ ಬೆಸುಗೆ ಬೇರೆ ಊರುಗಳ ಶಿಲ್ಪದಲ್ಲೂ ಉಂಟು, ನಿಜ. ಆದರೆ ಅಬ್ಬಕ್ಕನ ವಂಶದವರ ಚಾವಡಿಯಲ್ಲಿ ಅದು ಬರಿಯ ಚಮತ್ಕಾರವೆಂದು ನನಗೆ ತೋರದು.

ಮುಂದಿನದು ಇಳಿಗಾಲದ ಕಥೆ. ಕೆಳದಿಯ ನಾಯಕರು ಘಟ್ಟವಿಳಿದು ಬಂದು ಈ ಅರಸುಮನೆಗಳನ್ನು ಸಾಮಂತರನ್ನಾಗಿಸಿದರು. 1763ರಲ್ಲಿ ಆ ನಾಯಕರ ರಾಜಧಾನಿ ಬಿದನೂರು ಹೈದರನ ವಶವಾಯಿತು; ಅದರೊಂದಿಗೆ ತುಳುನಾಡೂ ಹೋಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕುಂಪಣಿಯ ಆಳ್ವಿಕೆ. ರಾಜ್ಯ ಹೋದರೂ ಚೌಟರ ಮನೆತನ ಮನೆಯನ್ನು ಬಿಡಲಿಲ್ಲ. ಪಾಳುಬಿದ್ದ ಅರಮನೆಗಳ ಮರ ಮಳೆಗೂ ಗೆದ್ದಲಿಗೂ ತುತ್ತಾಗುವ ಈ ಕರಾವಳಿಯಲ್ಲಿ ಕಂಬಗಳು ಉಳಿದಿರುವುದು ಅಲ್ಲಿ ದಿನವೂ ದೀಪ ಹಚ್ಚುವವರಿದ್ದುದರಿಂದ.

1430ರಲ್ಲಿ ಎದ್ದುನಿಂತ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಿ ಹೆಚ್ಚಿನವರು ಹಾಗೆಯೇ ಬಸ್ಸು ಹತ್ತುತ್ತಾರೆ. ಅರಮನೆ ಅದೇ ಊರಿನಲ್ಲಿದೆ. ಹೋಗುವವರು ನೆನಪಿಡಬೇಕಾದದ್ದಿಷ್ಟು: ಅದು ಮ್ಯೂಸಿಯಂ ಅಲ್ಲ, ವಂಶಸ್ಥರು ಬಾಳುತ್ತಿರುವ ಮನೆ. ಹೊರಗೆ ನಿಂತು ಕೇಳಿ, ಒಪ್ಪಿದರೆ ಮಾತ್ರ ಒಳಗೆ ಕಾಲಿಡಿ. ಕಂಬಗಳನ್ನು ಕಣ್ಣಿನಿಂದಷ್ಟೇ ನೋಡಿ.