ಬೆಂಗಳೂರಿನ ಮಾತು ಕೇಳಿದ ಕಣ್ಣು

ಸಂಜಯನ ದಿವ್ಯದೃಷ್ಟಿಯ ಕಥೆಯನ್ನು ತರಗತಿಯಲ್ಲಿ ವರುಷ ವರುಷವೂ ಹೇಳುವವನು ನಾನು. ಆದುದರಿಂದಲೋ ಏನೋ, ಕಣ್ಣೊಂದನ್ನು ದೂರಕ್ಕೆ ಕಳುಹಿಸಿ ಇಲ್ಲಿ ಕುಳಿತು ನೋಡುವ ವಿದ್ಯೆ ನನ್ನನ್ನು ಬಹುವಾಗಿ ಸೆಳೆದಿದೆ.

1959ರ ಅಕ್ಟೋಬರ್ 7ರಂದು ಸೋವಿಯತ್ ನೌಕೆ ಲೂನಾ-3 ಚಂದ್ರನ ಮರೆಯ ಮುಖದ 29 ಚಿತ್ರಗಳನ್ನು ತೆಗೆಯಿತು. ಫಿಲ್ಮನ್ನು ನೌಕೆಯೊಳಗೇ ತೊಳೆದು, ಒಣಗಿಸಿ, ಆಮೇಲೆ ರೇಡಿಯೋದಲ್ಲಿ ಕಳುಹಿಸಬೇಕು. ಆಕಾಶದಲ್ಲೊಂದು ಕತ್ತಲೆಕೋಣೆ! ಫಿಲ್ಮು ಮುಗಿದರೆ ಆಟವೂ ಮುಗಿಯಿತು.

ಡಿಜಿಟಲ್ ಕ್ಯಾಮೆರಾಕ್ಕೆ ಈ ತಾಪತ್ರಯವಿಲ್ಲ; ಅದು ಬೆಳಕನ್ನು ಅಂಕಿಗಳಾಗಿಸುತ್ತದೆ. 2008ರ ಅಕ್ಟೋಬರ್ 22ರಂದು ಹೊರಟ ನಮ್ಮ ಚಂದ್ರಯಾನ-1ರಲ್ಲಿ ಇದ್ದುದು ಅಂಥದೇ. 29ರಂದು ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದ ಆಜ್ಞೆ ಹೋಯಿತು. ಕ್ಯಾಮೆರಾ ಕಣ್ಣು ತೆರೆಯಿತು. ಬೆಳಿಗ್ಗೆ 8 ಗಂಟೆಗೆ, 9,000 ಕಿಲೋಮೀಟರ್ ಎತ್ತರದಿಂದ, ಆಸ್ಟ್ರೇಲಿಯದ ಉತ್ತರ ತೀರ; ಮಧ್ಯಾಹ್ನ ಹನ್ನೆರಡೂವರೆಗೆ, 70,000 ಕಿಲೋಮೀಟರಿನಿಂದ, ಅದರ ದಕ್ಷಿಣ ತೀರ. ಚಿತ್ರಗಳು ಬಂದಿಳಿದದ್ದು ಬೆಂಗಳೂರಿನ ಸಮೀಪದ ಬ್ಯಾಲಾಳು ಹಳ್ಳಿಗೆ. ಚಂದ್ರನಿಗೆಂದೇ ಮಾಡಿದ ಕಣ್ಣು ಹೋಗುಹೋಗುತ್ತ ಹಿಂದಿರುಗಿ ಭೂಮಿಯನ್ನೇ ನೋಡಿತ್ತು. ಪರೀಕ್ಷೆಗಾಗಿ ತೆಗೆದ ಚಿತ್ರಗಳೆಂದು ಬಲ್ಲೆ. ಆದರೂ ತವರನ್ನು ಬಿಟ್ಟು ಹೊರಟವಳ ನೆನಪಾಗದೆ ಇರಲಿಲ್ಲ.

ಮುಂದೆ ಚಂದ್ರನನ್ನು ಸೇರಿ, 100 ಕಿಲೋಮೀಟರ್ ಎತ್ತರದಿಂದ ಅದು ನೆಲದ ಹಳ್ಳ ದಿಣ್ಣೆಗಳನ್ನು ಚಿತ್ರಿಸಿತು. ನೌಕೆಗೆ ಗೊತ್ತುಮಾಡಿದ್ದ ಅವಧಿ ಎರಡು ವರ್ಷ. ಆದರೆ 312 ದಿನಗಳಾಗುವಷ್ಟರಲ್ಲಿ, 2009ರ ಆಗಸ್ಟ್ 29ರಂದು, ರೇಡಿಯೋ ಸಂಪರ್ಕ ಕಡಿಯಿತು. ಅಷ್ಟರೊಳಗೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ಚಿತ್ರಗಳು ಬಂದಿದ್ದವು. ಆಮೇಲೆ ಬೆಂಗಳೂರು ಎಷ್ಟು ಕರೆದರೂ ಓಗೊಡಲಿಲ್ಲ.

2016ರಲ್ಲಿ ಅಮೆರಿಕದ ರೇಡಾರು ಅದನ್ನು ಹುಡುಕಿ ಕಂಡುಹಿಡಿಯಿತು: ಮೂಕವಾಗಿ, ಇನ್ನೂ ಚಂದ್ರನನ್ನು ಸುತ್ತುತ್ತಿತ್ತು.