ವೈಟ್‌ಫೀಲ್ಡ್ ಎಂಬ ಚಿಪ್ಪಿನ ಕಥೆ

ಕಟಪಾಡಿ, ಶಂಕರಪುರದ ಮಲ್ಲಿಗೆ ವ್ಯಾಪಾರ ಬಲ್ಲವರಿಗೆ ಚೆಂಡು, ಅಟ್ಟೆಗಳ ಲೆಕ್ಕ ಹೊಸತಲ್ಲ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬೆಳೆಯುವವರು, ಕಟ್ಟುವವರು, ಕೊಳ್ಳುವವರು ಎಲ್ಲರೂ ಇದಕ್ಕೆ ಒಗ್ಗಿದವರೇ. ನಾಳೆಯಿಂದ ಇದನ್ನು ಬಿಟ್ಟು ಬೇರೆ ಅಳತೆ ಹಿಡಿಯಿರಿ ಎಂದರೆ ಹೇಗಾದೀತು?

ಕಂಪ್ಯೂಟರಿನ ಮಿದುಳೆನಿಸಿದ ಪ್ರೊಸೆಸರಿಗೂ ಇಂಥ ಒಗ್ಗಿದ ಲೆಕ್ಕವೊಂದಿದೆ. ಅದು ಗ್ರಹಿಸಬಲ್ಲ ಆದೇಶಗಳ ವ್ಯವಸ್ಥೆಯನ್ನು ‘ಆರ್ಕಿಟೆಕ್ಚರ್’ ಎನ್ನುತ್ತಾರೆ. ಒಂದು ವ್ಯವಸ್ಥೆಗೆಂದು ಸಿದ್ಧವಾದ ತಂತ್ರಾಂಶ ಇನ್ನೊಂದರಲ್ಲಿ ನೇರವಾಗಿ ನಡೆಯದು.

ಇಂಟೆಲ್ ಕಂಪೆನಿಯನ್ನು ಬೆಳೆಸಿದ್ದು 1978ರ 8086 ಚಿಪ್ಪಿನಿಂದ ಬಂದ ಎಕ್ಸ್86 ವ್ಯವಸ್ಥೆ. ಅದೇ ಇಂಟೆಲ್ 1994ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಜೊತೆಗೂಡಿ, 64 ಬಿಟ್‌ನ ಬೇರೆಯೇ ವ್ಯವಸ್ಥೆಯೊಂದಕ್ಕೆ ಕೈಹಾಕಿತು. 2001ರಲ್ಲಿ ‘ಇಟೇನಿಯಂ’ ಹೊರಬಂತು. ಹಳೆಯ ತಂತ್ರಾಂಶಗಳು ಅದರಲ್ಲಿ ತೆವಳಿದವು. ಪ್ರತಿಸ್ಪರ್ಧಿ ಎಎಂಡಿ ಜಾಣತನ ತೋರಿತು: ಎಕ್ಸ್86 ಇರಲಿ, ಅದನ್ನೇ 64 ಬಿಟ್‌ಗೆ ಹಿಗ್ಗಿಸೋಣ ಎಂದಿತು. ಅಟ್ಟೆಯನ್ನು ಉಳಿಸಿಕೊಂಡೇ ಅದರ ಮೇಲೊಂದು ದೊಡ್ಡ ಅಳತೆ ಸೇರಿಸಿದ ಹಾಗೆ. ಈ ಬಗೆಯ ‘ಆಪ್ಟೆರಾನ್’ 2003ರಲ್ಲಿ ಮಾರುಕಟ್ಟೆಗೆ ಬಂತು.

ಅದಕ್ಕೂ ಮೊದಲೇ, 2002ರಲ್ಲಿ, ಗುಸುಗುಸು ಎದ್ದಿತ್ತು. ಇಂಟೆಲ್ ಕೂಡ ಒಳಗೊಳಗೇ ಎಎಂಡಿಯ ದಾರಿ ಹಿಡಿದಿದೆಯಂತೆ, ಅದರ ಗುಪ್ತನಾಮ ‘ಯಾಮ್‌ಹಿಲ್’ ಅಂತೆ! ಅದು ಅಮೆರಿಕದ ಒರೆಗಾನ್ ರಾಜ್ಯದ ಒಂದು ನದಿಯ ಹೆಸರು. ಹೌದೆಂದರೆ ಇಟೇನಿಯಂ ಕೊಳ್ಳುವವರು ಹಿಂಜರಿದಾರು. ಅಲ್ಲವೆಂದರೆ ಗಿರಾಕಿಗಳು ಎಎಂಡಿಯತ್ತ ಸರಿದಾರು. ಕಡೆಗೆ 2004ರ ಫೆಬ್ರವರಿಯಲ್ಲಿ ಇಂಟೆಲ್ ಒಪ್ಪಿಕೊಂಡಿತು. ಗಾಳಿಮಾತು ನಿಜವಾಗಿತ್ತು.

ಈ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ. ಇಂಟೆಲ್‌ನ ಅಲ್ಲಿನ ಎಂಜಿನಿಯರುಗಳು ನಾಲ್ಕು ತಿರುಳುಗಳ ಝಿಯಾನ್ ಚಿಪ್ಪೊಂದನ್ನು ವಿನ್ಯಾಸಗೊಳಿಸುತ್ತಿದ್ದರು. ಅದಕ್ಕೆ ಬೆಂಗಳೂರಿನ ಬಡಾವಣೆಯದೇ ಹೆಸರು: ‘ವೈಟ್‌ಫೀಲ್ಡ್’. ಎಕ್ಸ್86 ಮತ್ತು ಇಟೇನಿಯಂ ಎರಡೂ ಬಗೆಯ ಚಿಪ್ಪುಗಳನ್ನು ಒಂದೇ ಮಾದರಿಯ ಸರ್ವರಿನಲ್ಲಿ ಕೂರಿಸಬೇಕೆಂಬ ಯೋಜನೆಯ ಭಾಗವದು. ದೊಡ್ಡ ಆಸೆಯೇ ಸರಿ. ಆದರೆ 2005ರ ಅಕ್ಟೋಬರಿನಲ್ಲಿ ಇಂಟೆಲ್ ವೈಟ್‌ಫೀಲ್ಡನ್ನು ಕೈಬಿಟ್ಟಿತು. ಕಾಗದದ ಮೇಲಿನ ಶ್ರಮ ಮಾರುಕಟ್ಟೆ ಕಾಣಲಿಲ್ಲ.

ಬೆಂಗಳೂರಿನ ತಂಡ ಮಾತ್ರ ಸುಮ್ಮನೆ ಕೂರಲಿಲ್ಲ. 2008ರ ಸೆಪ್ಟೆಂಬರಿನಲ್ಲಿ ಅವರ ಕೈಯಿಂದಲೇ ಆರು ತಿರುಳುಗಳ, ಸುಮಾರು 190 ಕೋಟಿ ಟ್ರಾನ್ಸಿಸ್ಟರುಗಳ ‘ಝಿಯಾನ್ 7400’ ಹೊರಬಂತು. ಅದು ಹಳೆಯ ಎಕ್ಸ್86 ವಂಶದ್ದೇ. ಇಟೇನಿಯಂ ಚಿಪ್ಪುಗಳ ಕೊನೆಯ ಸರಕು 2021ರ ಜುಲೈಯಲ್ಲಿ ರವಾನೆಯಾಯಿತು.