ಹರಾಜಿನಲ್ಲಿ ಹೋದ ನಮ್ಮ ಹುಡುಗರು

2018ರ ಜನವರಿಯಲ್ಲಿ ಐಪಿಎಲ್ ಹರಾಜು ನಡೆದದ್ದು ಬೆಂಗಳೂರಿನಲ್ಲೇ. ಕೆ.ಎಲ್. ರಾಹುಲ್ 11 ಕೋಟಿಗೆ ಪಂಜಾಬ್ ಪಾಲಾದಾಗ ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡಿನ ನಾವೆಲ್ಲ ಫೋನಿನಲ್ಲಿ ಆರ್‌ಸಿಬಿಯನ್ನು ಬೈದದ್ದೇ ಬೈದದ್ದು. ಕರುಣ್ ನಾಯರ್, ಮಯಂಕ್ ಅಗರ್ವಾಲ್ ಕೂಡ ಅತ್ತಲೇ ಹೋದರು. ಹರಾಜಿಗೆ ಮೊದಲೇ ತಂಡ ಉಳಿಸಿಕೊಂಡದ್ದು ಕೊಹ್ಲಿ, ಡಿವಿಲಿಯರ್ಸ್ ಮತ್ತು ಸರ್ಫರಾಜ್ ಖಾನ್‌ರನ್ನು. ಮೂರನೆಯ ಹೆಸರು ನಮಗೆ ಇವತ್ತಿಗೂ ಅರ್ಥವಾಗಿಲ್ಲ.

ಸಿಟ್ಟು ಹಳೆಯದು. 2011ರಲ್ಲಿ ದ್ರಾವಿಡ್‌ರನ್ನೇ ಬಿಟ್ಟುಕೊಟ್ಟಿದ್ದರು. ಅವರು ರಾಜಸ್ಥಾನ ಸೇರಿದರು. ಶ್ರೀನಾಥ್ ಹೆಸರಿನ ಮುಂದಿರುವ ಜಾವಗಲ್ ನಮ್ಮ ಜಿಲ್ಲೆಯ ಊರು. ಆಟಗಾರನನ್ನು ಊರಿನಿಂದ ಬಿಡಿಸಿ ನೋಡುವುದು ನಮಗೆ ಬರುವುದಿಲ್ಲ. ಆದರೆ ಅದೇ ವರ್ಷ ಹರಾಜಿನಲ್ಲಿ ಯಾರೂ ಕೊಳ್ಳದ ಗೇಲ್ ನಡುವೆ ಬಂದು ಶತಕ ಬಾರಿಸಿದಾಗ, ಬೈದವರೇ ಕುಣಿದೆವು.

2024ರ ನವೆಂಬರ್‌ನಲ್ಲಿ ಜೆಡ್ಡಾದ ಹರಾಜು. ರಾಹುಲ್ 14 ಕೋಟಿಗೆ ಡೆಲ್ಲಿಗೆ, ಸಿರಾಜ್ ಗುಜರಾತಿಗೆ. ಕೃಣಾಲ್ ಪಾಂಡ್ಯಗೆ 5.75 ಕೋಟಿ ಕೊಟ್ಟಾಗ "ಈ ಸಲಾನೂ ಅಷ್ಟೇ ಬಿಡ್ರೋ" ಎಂದೆವು. 2025ರ ಜೂನ್ 3ರ ಫೈನಲ್‌ನಲ್ಲಿ ಅದೇ ಕೃಣಾಲ್ ನಾಲ್ಕು ಓವರಿಗೆ 17 ರನ್ ಕೊಟ್ಟು ಎರಡು ವಿಕೆಟ್ ಕಿತ್ತರು. 18 ವರ್ಷ ಕಾದ ಕಪ್ಪು 6 ರನ್ನಿಂದ ಬಂತು. ಹಾಸನದಲ್ಲಿ ನಾವೂ ಪಟಾಕಿ ಹಚ್ಚಿದೆವು.

ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತ. ಸತ್ತ 11 ಮಂದಿಯಲ್ಲಿ ನಮ್ಮ ಬೇಲೂರು ಕಡೆಯ ಹುಡುಗನೂ ಒಬ್ಬ. ಆ ರಾತ್ರಿ ನಮ್ಮಲ್ಲಿ ಯಾರೂ ಆಟದ ಮಾತೆತ್ತಲಿಲ್ಲ.